ಎರಡಾಣೆಯ ಬಂಡವಾಳ

ಸಣ್ಣ ಉದ್ಯಮಿಯು ಸೋಲುವುದು ಬಹುಮಟ್ಟಿಗೆ ಕಾಲದ ಕೈಯಲ್ಲಿ. ಈ ಮಾತು ಮೊದಲ ಕೇಳ್ವಿಗೆ ವಿಚಿತ್ರವಾಗಿ ತೋರೀತು. ನೇಕಾರನನ್ನೇ ತೆಗೆದುಕೊಳ್ಳೋಣ. ಅವನು ಇಂದು ನೂಲು ಕೊಳ್ಳಬೇಕು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ದಿನಗಟ್ಟಲೆ ನೇಯಬೇಕು. ನೆಯ್ದ ಸೀರೆಯನ್ನು ಅಂಗಡಿಗೆ ಒಪ್ಪಿಸಬೇಕು. ಅಂಗಡಿಯವನು ಅದನ್ನು ಮಾರಿ ಹಣ ಕೊಡುವ ಹೊತ್ತಿಗೆ ಹಬ್ಬವೊಂದು ಬಂದು ಹೋಗಿರುತ್ತದೆ. ಸೀರೆಯಲ್ಲಿ ಲಾಭವಿದೆ, ಲೆಕ್ಕ ಬರೆದು ನೋಡಿದರೆ ಆಸಾಮಿ ಗಟ್ಟಿಗನೇ. ಆದರೆ ನೂಲಿಗೆ ಹಣ ತೆತ್ತ ದಿನಕ್ಕೂ ಸೀರೆಯ ಹಣ ಕೈಸೇರುವ ದಿನಕ್ಕೂ ನಡುವಣ ಕಂದಕದಲ್ಲಿ ಅವನ ಒಲೆ ಉರಿಯಬೇಕು, ಮಕ್ಕಳ ಶಾಲೆಯ ಫೀಜು ಸಲ್ಲಬೇಕು, ಮತ್ತೆ ನೂಲು ಬರಬೇಕು. ಈ ಕಂದಕಕ್ಕೆ ಹಲಗೆ ಹಾಸುವವರು ಯಾರು? ಹಾಸಿದ್ದಕ್ಕೆ ಅವರು ಕೇಳುವ ಸುಂಕವೆಷ್ಟು? ಸಣ್ಣ ಉದ್ಯಮದ ಸುಖದುಃಖಗಳೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿವೆಯೆಂದರೆ ಅತಿಶಯೋಕ್ತಿಯಾಗಲಾರದು.

ನಾನು ಅರ್ಥಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಯಾವ ವಿಷಯ ಎದುರಾದರೂ ಮೊದಲು ಅದರ ಶಬ್ದಗಳ ಬೆನ್ನು ಹತ್ತುವುದು ನಮ್ಮ ವೃತ್ತಿಯವರ ಸ್ವಭಾವ. ಹಣದ ವ್ಯವಹಾರದಲ್ಲಿ ನಮ್ಮ ಭಾಷೆಯು ಬಳಸುವ ಮೂರು ಶಬ್ದಗಳು ನನ್ನ ಮನಸ್ಸನ್ನು ಬಹುಕಾಲದಿಂದ ಸೆಳೆದಿವೆ. ‘ಬಂಡವಾಳ’ವೆಂಬ ಶಬ್ದಕ್ಕೆ ಸಂಸ್ಕೃತದ ‘ಭಾಂಡ’ದೊಡನೆ ನೆಂಟಸ್ತಿಕೆಯಿದೆ, ಭಾಂಡವೆಂದರೆ ಪಾತ್ರೆ, ಸರಕು. ಪೆಟ್ಟಿಗೆಯಲ್ಲಿ ಮಲಗಿರುವ ನಾಣ್ಯಕ್ಕಿಂತ ಸಂತೆಯಲ್ಲಿ ಓಡಾಡುವ ಸರಕನ್ನೇ ಈ ಶಬ್ದ ನೆನೆಯುತ್ತದೆ. ‘ಬಡ್ಡಿ’ಯು ‘ವೃದ್ಧಿ’ಯ ತದ್ಭವ. ವೃದ್ಧಿಯೆಂದರೆ ಬೆಳವಣಿಗೆ, ಯಾರ ಬೆಳವಣಿಗೆ ಎಂಬುದನ್ನು ಮಾತ್ರ ಶಬ್ದವು ಜಾಣತನದಿಂದ ಮುಚ್ಚಿಟ್ಟಿದೆ. ಮೂರನೆಯದು, ಸಹಕಾರ ಸಂಘಗಳ ನಾಮಫಲಕದಲ್ಲಿ ಮಾತ್ರ ಉಳಿದುಕೊಂಡಿರುವ ‘ಪತ್ತು’. ‘ಪತ್ತಿನ ಸಹಕಾರ ಸಂಘ’ವೆಂದು ದಿನವೂ ಓದುತ್ತೇವೆ, ಪತ್ತೆಂದರೇನೆಂದು ಕೇಳಿದರೆ ತಡವರಿಸುತ್ತೇವೆ. ನೆರೆಯ ಮರಾಠಿಯಲ್ಲಿ ‘ಪತ್’ ಎಂದರೆ ಒಬ್ಬನಿಗೆ ನಾಲ್ಕು ಜನರಲ್ಲಿರುವ ಮರ್ಯಾದೆ, ಅವನ ಮಾತಿನ ಮೇಲಿರುವ ನಂಬಿಕೆ. ಸಾಲದ ತಳಹದಿಯು ಮನುಷ್ಯನ ಮೇಲಿನ ನಂಬಿಕೆಯೆಂದು ಬಲ್ಲವರು ಈ ಶಬ್ದವನ್ನು ರೂಢಿಗೆ ತಂದರು. ಆ ನಂಬಿಕೆಯನ್ನು ಅಳೆಯುವ ಸೇರು ಯಾವುದು? ಈ ಲೇಖನದ ಉದ್ದಕ್ಕೂ ನಮ್ಮೊಡನೆ ಬರುವ ಪ್ರಶ್ನೆ ಇದೇ.

ಪ್ರಶ್ನೆ ಹೊಸದಲ್ಲ. ನಂದಾದೀವಿಗೆ ಉರಿಯಲೆಂದು ಭಕ್ತರು ಹೊನ್ನನ್ನು ಮೂಲಧನವಾಗಿ ಇರಿಸಿ, ಅದರ ಬಡ್ಡಿಯಿಂದ ದೀಪ ನಡೆಯತಕ್ಕದ್ದೆಂದು ವಿಧಿಸಿದ ಶಾಸನಗಳು ನಮ್ಮ ನಾಡಿನಲ್ಲಿ ಹಲವು ದೊರೆತಿವೆ. ಅಯ್ಯಾವೊಳೆ ಐನೂರ್ವರಂಥ ವಣಿಕ್ ಸಂಘಗಳೂ, ಐವತ್ತೊಕ್ಕಲೆಂದು ಹೆಸರಾದ ತೆಲ್ಲಿಗರ ಸಂಘಗಳೂ ಅಂದಿನ ವ್ಯಾಪಾರದ ಬೆನ್ನೆಲುಬಾಗಿದ್ದವು. ದೇವರ ಹೊನ್ನು ದುಡಿಮೆಗೆ ಹೋಗಿ, ದುಡಿಮೆಯ ಫಲ ಎಣ್ಣೆಯಾಗಿ ಗುಡಿಗೆ ಮರಳುತ್ತಿದ್ದ ಈ ಏರ್ಪಾಡಿನಲ್ಲಿ ಸಂಘದ ಹೆಸರೇ ಹೊಣೆ. ಸಂಘಗಳು ಕ್ಷೀಣಿಸಿದ ಮೇಲೆ ಉಳಿದವನು ಊರ ಸಾಹುಕಾರ. ಅವನನ್ನು ಕತೆ ನಾಟಕಗಳಲ್ಲಿ ನಾವು ಸಾಕಷ್ಟು ಹಳಿದಿದ್ದೇವೆ. ನ್ಯಾಯವಾಗಿ ಹೇಳುವುದಾದರೆ, ನಡುರಾತ್ರಿ ಬಾಗಿಲು ತಟ್ಟಿದರೂ ಎದ್ದು ಬರುತ್ತಿದ್ದವನು ಅವನೇ. ಅವನಿಗೆ ಅರ್ಜಿ ಬೇಕಿರಲಿಲ್ಲ. ತಾತನ ಕಾಲದಿಂದ ಆಸಾಮಿಯ ಜಾತಕ ಅವನಿಗೆ ಬಾಯಿಪಾಠ. ಆದರೆ ಅವನು ನೂಲನ್ನು ಸಾಲವಾಗಿ ಕೊಟ್ಟು ಬಟ್ಟೆಯನ್ನು ತಾನು ಗೊತ್ತುಮಾಡಿದ ಬೆಲೆಗೆ ಕೊಳ್ಳುತ್ತಿದ್ದ. ಎರಡು ತಲೆಮಾರು ಕಳೆಯುವಷ್ಟರಲ್ಲಿ ನೇಕಾರನು ತನ್ನ ಮನೆಯಲ್ಲಿ, ತನ್ನ ಮಗ್ಗದ ಮುಂದೆ, ಸಾಹುಕಾರನ ಕೂಲಿಯಾಗಿ ಕುಳಿತಿರುತ್ತಿದ್ದ.

ಕರಾವಳಿಯ ಸಾಹಸ

ಈ ಕಟ್ಟನ್ನು ಬಿಡಿಸಲು ನಮ್ಮ ನಾಡಿನಲ್ಲಿ ನಡೆದ ಪ್ರಯತ್ನಗಳಲ್ಲಿ ನನಗೆ ಅತ್ಯಂತ ಮನೋಹರವಾಗಿ ತೋರುವುದು ಉಡುಪಿಯಲ್ಲಿ 1925ರಲ್ಲಿ ನಡೆದದ್ದು. ಆಗ ಉಡುಪಿಯು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಘಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾಗಿ ಹಾಸಿದ ಆ ಜಿಲ್ಲೆಯಲ್ಲಿ ಬ್ಯಾಂಕುಗಳ ಬೀಜ ಮೊದಲೇ ಬಿದ್ದಿದ್ದಿತು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯು ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಯಿತು. ಅದೇ 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯೆದ್ದು ಸಾವಿರಾರು ಕುಟುಂಬಗಳ ಗಂಟು ಮುಳುಗಿತು. ದೂರದ ದೊಡ್ಡ ಹೆಸರನ್ನು ನಂಬುವುದಕ್ಕಿಂತ ಊರವರ ಹಣವನ್ನು ಊರವರೇ ಕಾಯುವುದು ಲೇಸೆಂಬ ಭಾವನೆಗೆ ಇಂಥ ಅನುಭವ ಇಂಬುಕೊಡದೆ ಇರಲಿಲ್ಲ. 1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್, 1931ರಲ್ಲಿ ಅಲ್ಲಿಯೇ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆ, ಕಾಲು ಶತಮಾನ, ಹೆಸರಾಂತ ಐದು ಬ್ಯಾಂಕುಗಳು!

ಇವುಗಳ ನಡುವೆ 1925ರ ಸಂಸ್ಥೆಯ ವೈಶಿಷ್ಟ್ಯವು ಅದರ ಹೆಸರಿನಲ್ಲಿಯೇ ಇದೆ: ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್. ಉದ್ಯಮ ಮೊದಲು, ಬ್ಯಾಂಕು ಆಮೇಲೆ. ಸ್ಥಾಪಕರು ಮೂವರು: ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈ, ಇಂಜಿನಿಯರಾದ ವಾಮನ ಕುಡ್ವ, ವೈದ್ಯರಾದ ಡಾ. ಟಿ. ಎಂ. ಎ. ಪೈ. ಕೈಮಗ್ಗದ ಕಸುಬು ಸಂಕಟಕ್ಕೆ ಸಿಕ್ಕಿ ಸ್ಥಳೀಯ ನೇಕಾರರು ಕಂಗಾಲಾಗಿದ್ದ ಕಾಲ ಅದು. ಅವರಿಗೆ ಹಣದ ಆಸರೆ ಒದಗಿಸುವುದು ಸಂಸ್ಥೆಯ ಮೊದಲ ಉದ್ದೇಶ. ಮೂಲ ಬಂಡವಾಳ ಎಂಟು ಸಾವಿರ ರೂಪಾಯಿ.

ಎಂಟು ಸಾವಿರದಿಂದ ಎಷ್ಟು ಮಗ್ಗ ನಡೆದಾವು? ಸಾಲ ಕೊಡಬೇಕಾದರೆ ಠೇವಣಿ ಬೇಕು. ಠೇವಣಿ ಇಡಬಲ್ಲವರು ಹಣವಂತರು. ಹಣವಂತರಿಗೆ ಲೇವಾದೇವಿಯಲ್ಲಿಯೇ ಹೆಚ್ಚಿನ ಆದಾಯ. ಈ ಬಿಕ್ಕಟ್ಟಿಗೆ ಮಾರ್ಗವಾಗಿ ಸಂಸ್ಥೆಯು 1928ರಲ್ಲಿ ಕಂಡುಕೊಂಡ ಯೋಜನೆಯೇ ಮುಂದೆ ನಾಡಿನಲ್ಲೆಲ್ಲ ಹೆಸರಾದ ‘ಪಿಗ್ಮಿ’ ಠೇವಣಿ. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹಣ ಸಂಗ್ರಹಿಸಬೇಕು. ಎರಡಾಣೆ ಕೊಟ್ಟರೂ ಸಾಕು. ಪಿಗ್ಮಿಯೆಂದರೆ ಕುಳ್ಳ, ವಾಮನಮೂರ್ತಿ. ಹೆಸರಿಟ್ಟವರ ಮನಸ್ಸಿನಲ್ಲಿ ಬಲಿಯ ಯಜ್ಞಶಾಲೆಯ ನೆನಪಿತ್ತೋ ಇಲ್ಲವೋ. ಎರಡಾಣೆಯ ವಾಮನನು ಇಟ್ಟ ಹೆಜ್ಜೆಗಳನ್ನು ನೋಡಿದರೆ ಪುರಾಣ ನೆನಪಾಗದೆ ಇರದು.

ಲೆಕ್ಕವನ್ನು ನೋಡಿ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆ ಕೊಡುವವನು ಎಂಟು ದಿನಕ್ಕೆ ಒಂದು ರೂಪಾಯಿ ಉಳಿಸುತ್ತಾನೆ; ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಇಂಥವರು ಸಾವಿರ ಮಂದಿ ಸೇರಿದರೆ ದಿನಕ್ಕೆ ನೂರ ಇಪ್ಪತ್ತೈದು ರೂಪಾಯಿ. ಅರವತ್ತನಾಲ್ಕು ದಿನಗಳಲ್ಲಿ ಎಂಟು ಸಾವಿರ! ಮೂವರು ಪ್ರತಿಷ್ಠಿತರು ಹೊಂದಿಸಿದ ಮೂಲ ಬಂಡವಾಳದಷ್ಟು ಹಣವನ್ನು, ಬೀಡಿ ಕಟ್ಟುವವರೂ ಹೂವು ಮಾರುವವರೂ ಚಹದಂಗಡಿಯವರೂ ಸೇರಿ ಒಂದು ಮಳೆಗಾಲ ಮುಗಿಯುವುದರೊಳಗೆ ಕೂಡಿಸಬಲ್ಲರು. ‘ಹನಿಗೂಡಿದರೆ ಹಳ್ಳ’ವೆಂಬ ಗಾದೆಯನ್ನು ನಾವು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇವೆ, ಉಡುಪಿಯವರು ಅದನ್ನು ಖಾತೆಪುಸ್ತಕದಲ್ಲಿ ಬರೆದು ತೋರಿಸಿದರು.

ಹಣಕ್ಕಿಂತ ಹೆಚ್ಚಿನದು

ಪಿಗ್ಮಿಯನ್ನು ಉಳಿತಾಯದ ಯೋಜನೆಯೆಂದೇ ಹೊಗಳುವುದು ವಾಡಿಕೆ. ನನಗೆ ತೋರುವಂತೆ ಅದರ ಹಿರಿಮೆಯ ಅರ್ಧವನ್ನು ಮಾತ್ರ ಈ ಹೊಗಳಿಕೆ ಮುಟ್ಟುತ್ತದೆ. ದಿನವೂ ಅಂಗಡಿಯ ಮೆಟ್ಟಿಲು ಹತ್ತುವವನು ಹಣದೊಡನೆ ಇನ್ನೊಂದು ವಸ್ತುವನ್ನೂ ಬ್ಯಾಂಕಿಗೆ ತರುತ್ತಾನೆ, ಅದು ತಿಳಿವಳಿಕೆ. ಯಾವ ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯುತ್ತದೆ, ಯಾವ ಕಮ್ಮಾರನ ಕುಲುಮೆ ತಣ್ಣಗಾಗಿದೆ, ಯಾರು ಮಗಳ ಮದುವೆಯ ವರ್ಷದಲ್ಲಿಯೂ ಕಂತು ತಪ್ಪಿಸಲಿಲ್ಲ—ಇದೆಲ್ಲ ಅವನ ಕಣ್ಣಿಗೆ ತಾನಾಗಿ ಬೀಳುತ್ತದೆ. ಅಂಗಡಿಯವನು ಮುಂದೆ ಸಾಲ ಕೇಳಿದಾಗ ಅವನ ‘ಪತ್ತು’ ಬ್ಯಾಂಕಿಗೆ ಹೊಸದಾಗಿ ಗೊತ್ತಾಗಬೇಕಾಗಿರಲಿಲ್ಲ. ಮುನ್ನೂರು ದಿನಗಳ ಸಾಕ್ಷ್ಯ ಆಗಲೇ ಪುಸ್ತಕದಲ್ಲಿರುತ್ತಿತ್ತು. ಸಾಹುಕಾರನ ಬಾಯಿಪಾಠದ ಜಾಣ್ಮೆಯನ್ನು ಅವನ ಲೋಭದಿಂದ ಬಿಡಿಸಿ ಒಂದು ಸಂಸ್ಥೆಯ ಕೈಗೆ ಕೊಟ್ಟದ್ದು ಪಿಗ್ಮಿಯ ನಿಜವಾದ ಸಾಧನೆ.

ಈ ಕೆಲಸವನ್ನು ಹೊತ್ತವರು ಬಿಸಿಲು ಮಳೆಯೆನ್ನದೆ ಓಣಿ ಸುತ್ತಿದ ಸಂಗ್ರಾಹಕರು. ಇಂದಿಗೂ ನಮ್ಮ ಪೇಟೆಗಳಲ್ಲಿ ‘ಪಿಗ್ಮಿಯವರು ಬಂದರು’ ಎಂದರೆ ಅರ್ಥವಾಗದವರಿಲ್ಲ. ಒಂದು ಬ್ಯಾಂಕಿನ ಯೋಜನೆಯ ಹೆಸರು ಸಹಕಾರ ಸಂಘಗಳಿಗೂ ಹಬ್ಬಿ ಕನ್ನಡದ ಸಾಮಾನ್ಯ ನಾಮಪದವಾಗಿಬಿಟ್ಟಿದೆ. ಆದರೆ ಇವರ ಸ್ಥಾನಮಾನ ಬಹುಕಾಲ ತೂಗುಯ್ಯಾಲೆಯಲ್ಲಿತ್ತು. ಇವರು ಕಮಿಷನ್ ಪಡೆಯುವ ಏಜೆಂಟರೇ ಹೊರತು ಕೆಲಸಗಾರರಲ್ಲವೆಂದು ಬ್ಯಾಂಕುಗಳು ವಾದಿಸಿದುವು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2001ರಲ್ಲಿ ನ್ಯಾಯಾಲಯವು, ಠೇವಣಿ ಸಂಗ್ರಾಹಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕೆಲಸಗಾರರೇ ಎಂದು ತೀರ್ಪಿತ್ತು, ಅವರಿಗೆ ಗ್ರಾಚ್ಯುಯಿಟಿಯ ಹಕ್ಕನ್ನು ಎತ್ತಿಹಿಡಿಯಿತು. ಯೋಜನೆ ಹುಟ್ಟಿದ್ದು 1928ರಲ್ಲಿ. ನಡುವೆ ಎಪ್ಪತ್ತಮೂರು ವರ್ಷ. ಬಡವನ ಎರಡಾಣೆಗೆ ಬಡ್ಡಿ ಬೇಗ ದೊರೆಯಿತು. ಅದನ್ನು ಹೊತ್ತು ತಂದವನ ಚಪ್ಪಲಿ ಸವೆದುದಕ್ಕೆ ಬೆಲೆ ದೊರೆಯಲು ಅಷ್ಟು ಕಾಲ ಹಿಡಿಯಿತು.

ಸಿಂಡಿಕೇಟ್ ಬ್ಯಾಂಕೆಂಬ ಹೆಸರಿನಿಂದ, ಮಣಿಪಾಲವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಈ ಸಂಸ್ಥೆಯು 1969ರ ಜುಲೈ 19ರಂದು ರಾಷ್ಟ್ರೀಕೃತವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಒಂದಾಯಿತು. ಕೆನರಾ ಬ್ಯಾಂಕೂ ಆ ಪಟ್ಟಿಯಲ್ಲಿತ್ತು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳ ಸರದಿ. ಬಳಿಕ ವಿಲೀನದ ಯುಗ ಬಂದಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು; ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಬೆರೆತುಹೋದವು. ಹೊಳೆಗಳು ಕಡಲು ಸೇರುವುದು ಪ್ರಕೃತಿಧರ್ಮವೆನ್ನಬಹುದು. ಆದರೆ ಗದ್ದೆಗೆ ನೀರುಣಿಸುವುದು ಹೊಳೆ. ಕಡಲಿನಿಂದ ಗದ್ದೆಗೆ ಕಾಲುವೆ ತೆಗೆದವರನ್ನು ನಾನು ಕಂಡಿಲ್ಲ.

ಯಂತ್ರ ಬಂತು, ನೂಲು ಬರಲಿಲ್ಲ

ಸ್ವಾತಂತ್ರ್ಯಾನಂತರ ಸರಕಾರವೂ ಈ ಕಾರ್ಯಕ್ಕೆ ಕೈಹಾಕಿತು. ದೊಡ್ಡ ಕೈಗಾರಿಕೆಗಳಿಗಾಗಿ 1948ರಲ್ಲಿ ಕೇಂದ್ರದ ಕೈಗಾರಿಕಾ ಹಣಕಾಸು ನಿಗಮ ಹುಟ್ಟಿತು. ಸಣ್ಣವರಿಗೆ ರಾಜ್ಯ ಮಟ್ಟದ ಸಂಸ್ಥೆಗಳು ಬೇಕೆಂದು 1951ರಲ್ಲಿ ಕಾಯಿದೆಯಾಯಿತು. ಅದರಂತೆ 1959ರಲ್ಲಿ ಸ್ಥಾಪಿತವಾದ ನಮ್ಮ ರಾಜ್ಯದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ. ಅಪ್ಪ ಅಜ್ಜಂದಿರ ಆಸ್ತಿಯಿಲ್ಲದೆ ಮೊದಲ ಬಾರಿಗೆ ಶೆಡ್ಡು ಕಟ್ಟಿ ಯಂತ್ರ ಕೂರಿಸಿದ ಎಷ್ಟೋ ಮಂದಿಯ ಕತೆಯಲ್ಲಿ ಈ ಸಂಸ್ಥೆಯ ಹೆಸರು ಬರುತ್ತದೆ. ಇಂಥ ಸಂಸ್ಥೆಗಳಿಗೆ ಕಾಯಿದೆಯ 29ನೆಯ ಕಲಮು ಒಂದು ಉಗ್ರಾಯುಧವನ್ನೂ ಕೊಟ್ಟಿದೆ: ಸಾಲ ಹಿಂದಿರುಗದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಕಾರ್ಖಾನೆಯನ್ನು ವಶಪಡಿಸಿಕೊಳ್ಳಬಹುದು. ಸಾರ್ವಜನಿಕರ ಹಣ ಮರಳಬೇಕಾದುದು ನ್ಯಾಯವೇ. ಆದರೆ ಬೀಗ ಬಿದ್ದ ಕಾರ್ಖಾನೆಯಲ್ಲಿ ಬೆಳೆಯುವುದು ತುಕ್ಕೊಂದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಯಂತ್ರಕ್ಕೆ ಕೊಡುವ ಸಾಲ ಬೇರೆ, ಯಂತ್ರವನ್ನು ದಿನದಿನವೂ ನಡೆಸುವ ಹಣ ಬೇರೆ. ಮಗ್ಗ ಕೊಡಿಸಿ ನೂಲಿಗೆ ಹಣ ಕೊಡದಿದ್ದರೆ ಮಗ್ಗವೇ ಸಾಲದ ಹೊರೆಯಾಗುತ್ತದೆ. ಎಷ್ಟೋ ಸಣ್ಣ ಕಾರ್ಖಾನೆಗಳು ರೋಗಗ್ರಸ್ತವಾದದ್ದು ಈ ಎರಡು ಹಣಗಳ ನಡುವಣ ಬಿರುಕಿನಲ್ಲಿ.

ನನ್ನ ಪರಿಚಯದ ಮುದ್ರಣಾಲಯದ ಯಜಮಾನರೊಬ್ಬರು ಈ ಬಿರುಕನ್ನು ನನಗೆ ಒಂದೇ ಮಾತಿನಲ್ಲಿ ವಿವರಿಸಿದರು. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಕರಡು ತಿದ್ದಲು ನಾನು ಅವರಲ್ಲಿಗೆ ಹೋಗುವುದುಂಟು. ದೊಡ್ಡ ಗಿರಾಕಿಯೊಬ್ಬರು ಏಳು ತಿಂಗಳಿನಿಂದ ಬಿಲ್ಲಿನ ಹಣ ಕೊಟ್ಟಿರಲಿಲ್ಲ. ಕಾಗದದ ಅಂಗಡಿಯವರು ಹೊಸ ರೀಮುಗಳನ್ನು ಕೊಡಲು ನಿರಾಕರಿಸಿದ್ದರು. ನಾನು ಪತ್ರಿಕೆಯಲ್ಲಿ ಓದಿದ್ದ ಧೈರ್ಯದಿಂದ, “ಇದಕ್ಕೆಲ್ಲ ಈಗ ಕಾಯಿದೆ ಇದೆಯಲ್ಲ?” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಇದೆ ಮೇಷ್ಟ್ರೇ. ಕಾಯಿದೆ ಹಿಡಿದುಕೊಂಡು ಹೋದರೆ ಈ ಬಿಲ್ಲು ಬರುತ್ತದೆ, ಮುಂದಿನ ಕೆಲಸ ಬರುವುದಿಲ್ಲ” ಎಂದರು.

ಕಾಯಿದೆ ಇರುವುದು ನಿಜ. 2006ರ ಕಾಯಿದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಒಪ್ಪಂದವೇನೇ ಇದ್ದರೂ 45 ದಿನಗಳೊಳಗೆ ಹಣ ಸಲ್ಲಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ಕಾಯಿದೆಯೂ ಇದರ ಬೆಂಬಲಕ್ಕೆ ಬಂದಿತು: ಹೀಗೆ ತಡೆಹಿಡಿದ ಹಣವನ್ನು ಕೊಟ್ಟು ಮುಗಿಸುವವರೆಗೆ ಖರ್ಚೆಂದು ತೋರಿಸುವಂತಿಲ್ಲವೆಂದು ವಿಧಿಸಿತು. ವಿಚಾರಿಸಿ ನೋಡಿದರೆ, ದೊಡ್ಡ ಗಿರಾಕಿಯು ಸಣ್ಣವನ ಬಿಲ್ಲನ್ನು ತಡೆಹಿಡಿದಷ್ಟು ದಿನವೂ ಸಣ್ಣವನಿಂದ ಬಡ್ಡಿಯಿಲ್ಲದ ಸಾಲ ಪಡೆದಂತೆಯೇ. ಸಣ್ಣವನು ಆ ಹಣಕ್ಕಾಗಿ ಬೇರೆ ಕಡೆ ಬಡ್ಡಿ ತೆರುತ್ತಾನೆ. ಬಡವನು ಬಲ್ಲಿದನಿಗೆ ಸಾಲ ಕೊಡುವ ಈ ವಿಪರೀತವನ್ನು ನಮ್ಮ ಗಾದೆಕಾರರು ಏಕೆ ಗಮನಿಸಲಿಲ್ಲವೋ ತಿಳಿಯದು.

ಈ ರೋಗಕ್ಕೆ ಇನ್ನೊಂದು ಮದ್ದೂ 2017ರಿಂದ ಬಳಕೆಗೆ ಬಂದಿದೆ. ದೊಡ್ಡ ಗಿರಾಕಿ ಒಪ್ಪಿದ ಬಿಲ್ಲನ್ನು ಗಣಕಯಂತ್ರದ ಮಾರುಕಟ್ಟೆಯಲ್ಲಿ ಹರಾಜಿಗೆ ಇಡುವುದು. ಬ್ಯಾಂಕುಗಳು ಪೈಪೋಟಿಯಿಂದ ವಟ್ಟ ಹಿಡಿದು ಉಳಿದ ಹಣವನ್ನು ಕೂಡಲೇ ಕೊಡುವುದು. ಅವಧಿ ಮುಗಿದಾಗ ಬ್ಯಾಂಕು ಗಿರಾಕಿಯಿಂದಲೇ ವಸೂಲು ಮಾಡಿಕೊಳ್ಳುವುದು. ರಿಸರ್ವ್ ಬ್ಯಾಂಕಿನ ಅನುಮತಿಯಿಂದ ನಡೆಯುವ ಈ ಏರ್ಪಾಡಿಗೆ ಹೊಸ ಹೆಸರಿದ್ದರೂ ಒಳಗಿನ ತಿರುಳು ನಮ್ಮ ಹಳೆಯ ಹುಂಡಿಯದೇ. ಇದರ ಸ್ವಾರಸ್ಯವೆಂದರೆ ಇಲ್ಲಿ ತೂಗಲ್ಪಡುವುದು ದೊಡ್ಡವನ ಪತ್ತು. ಅದರ ನೆರಳಿನಲ್ಲಿ ಸಣ್ಣವನಿಗೆ ಅಗ್ಗದ ಹಣ.

ಅಂಕೆ ಮತ್ತು ಆಸಾಮಿ

ಆಧಾರವಿಲ್ಲದವನಿಗೆ ಸಾಲ ಕೊಡಿಸುವ ದಾರಿಗಳೂ ಹೆಚ್ಚಿವೆ. 1990ರಲ್ಲಿ ಸಣ್ಣ ಕೈಗಾರಿಕೆಗಳಿಗೆಂದೇ ಸಿಡ್ಬಿ ಬ್ಯಾಂಕು ಸ್ಥಾಪಿತವಾಯಿತು. ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕುಗಳಿಗೆ ಭರವಸೆ ನೀಡುವ ನಿಧಿಯೊಂದು 2000ದಲ್ಲಿ ಏರ್ಪಟ್ಟಿತು. 2015ರ ಮುದ್ರಾ ಯೋಜನೆಯಲ್ಲಿ ಐವತ್ತು ಸಾವಿರದೊಳಗಿನ ಸಾಲಕ್ಕೆ ‘ಶಿಶು’, ಐದು ಲಕ್ಷದವರೆಗೆ ‘ಕಿಶೋರ’, ಹತ್ತು ಲಕ್ಷದವರೆಗೆ ‘ತರುಣ’ ಎಂದು ಹೆಸರಿಟ್ಟರು. ಶಿಶುವು ಕಿಶೋರನಾಗುವುದು ಹಾಲುಣಿಸಿದವರ ನಿತ್ಯದ ಆರೈಕೆಯಿಂದಲೆಂಬುದನ್ನು ಹೆಸರಿಟ್ಟವರು ಬಲ್ಲರೆಂದು ನಂಬೋಣ.

ಇಂದು ಸಾಲ ಕೊಡಲು ಹೊಸ ಬಗೆಯ ಕಂಪನಿಗಳು ಮುಂದೆ ಬಂದಿವೆ. ಇವುಗಳ ಪ್ರತಿನಿಧಿ ಅಂಗಡಿಯ ಮೆಟ್ಟಿಲು ಹತ್ತಬೇಕಾಗಿಲ್ಲ. ತೆರಿಗೆಯ ಲೆಕ್ಕ, ಬ್ಯಾಂಕಿನ ಖಾತೆ, ಮೊಬೈಲಿನಲ್ಲಿ ಬಂದು ಬಿದ್ದ ಹಣ, ಹಿಂದಿನ ಕಂತುಗಳ ಚರಿತ್ರೆ ಇವನ್ನೆಲ್ಲ ಗಣಕಯಂತ್ರವು ಕ್ಷಣದಲ್ಲಿ ಕೂಡಿಸಿ ಆಸಾಮಿಗೆ ಅಂಕವನ್ನು ಕೊಡುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ಅಂಕ ಕೊಟ್ಟು ಬೆರಳು ಸವೆದಿರುವ ನನಗೆ ಅಂಕದ ಉಪಯೋಗವೂ ಗೊತ್ತು, ಮಿತಿಯೂ ಗೊತ್ತು. ಈ ಕಂಪನಿಗಳ ವೇಗ ಬೆರಗು ಹುಟ್ಟಿಸುವಂಥದು. ಕೆಲವರ ಬಡ್ಡಿಯೂ ಅಷ್ಟೇ ಬೆರಗು ಹುಟ್ಟಿಸುತ್ತದೆ. ಸಾಲದ ಹಣ ನೇರವಾಗಿ ಸಾಲಗಾರನ ಖಾತೆಗೇ ಹೋಗಬೇಕು, ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಮೊದಲೇ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಕಟ್ಟಪ್ಪಣೆ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಸಾಹುಕಾರನ ನಡುರಾತ್ರಿಯ ಔದಾರ್ಯವೂ ಅವನ ಚಕ್ರಬಡ್ಡಿಯೂ ಜೊತೆಜೊತೆಯಾಗಿ ಹೊಸ ಅವತಾರ ತಾಳುವ ಸಂಭವ ಇಲ್ಲಿದೆ.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಹೇಳಲು ನನ್ನ ಮನಸ್ಸು ಒಡಂಬಡದು. ‘ಮುಖ ಪರಿಚಯ’ದ ಮೇಲೆ ನಡೆಯುವ ಸಾಲದಲ್ಲಿ ಒಂದು ದೊಡ್ಡ ಲೋಪವುಂಟು: ಪರಿಚಯವಿಲ್ಲದ ಮುಖಕ್ಕೆ ಅಲ್ಲಿ ಸ್ಥಳವಿಲ್ಲ. ನಮ್ಮ ಸಮಾಜದಲ್ಲಿ ಯಾರು ಯಾರ ಜಗಲಿ ಹತ್ತಬಹುದು, ಯಾರ ಹೆಸರಿಗೆ ಯಾರು ಜಾಮೀನು ನಿಲ್ಲುತ್ತಾರೆ ಎಂಬುದನ್ನು ಜಾತಿಯೇ ನಿರ್ಣಯಿಸುತ್ತಿದ್ದ ಕಾಲ ತೀರ ಹಳೆಯದಲ್ಲ. ಊರಾಚೆಯ ಕೇರಿಯವನು, ಗಂಡನ ಸಹಿಯಿಲ್ಲದೆ ಹೊಲಿಗೆಯಂಗಡಿ ತೆರೆಯಬೇಕೆನ್ನುವ ಹೆಂಗಸು, ಬೇರೆ ಸೀಮೆಯಿಂದ ಬಂದು ನೆಲೆಸಿದವನು ಇವರ ‘ಪತ್ತು’ ಎಷ್ಟು ಗಟ್ಟಿಯಾಗಿದ್ದರೂ ಅದನ್ನು ನೋಡುವ ಕಣ್ಣು ಮನೆಯೊಳಗೇ ಕುಳಿತಿರುತ್ತಿತ್ತು. ಗಣಕಯಂತ್ರಕ್ಕೆ ಜಗಲಿಯಿಲ್ಲ. ಸರಿಯಾಗಿ ನಡೆಸಿದರೆ ಅದು ಅಂಗಡಿಯ ವ್ಯಾಪಾರವನ್ನು ಕೇಳೀತು, ಅಂಗಡಿಯವಳ ಕುಲವನ್ನು ಕೇಳಲಾರದು. ಇದು ಸಣ್ಣ ಲಾಭವಲ್ಲ.

ಆದರೆ ಅಂಕಕ್ಕೆ ಕಾಣದ ಸಂಗತಿಗಳೂ ಇವೆ. ನೆರೆ ಬಂದ ವರ್ಷ ಕಂತು ತಪ್ಪಿದವನು ಸೋಮಾರಿಯೋ ಸಂಕಟದಲ್ಲಿರುವವನೋ ಎಂಬುದನ್ನು ಕಣ್ಣಿಂದ ನೋಡಿದವರೇ ಹೇಳಬೇಕು. ಪಿಗ್ಮಿಯ ಸಂಗ್ರಾಹಕನಿಗೆ ಅದು ಗೊತ್ತಿತ್ತು. ಏಕೆಂದರೆ ಆ ನೆರೆಯಲ್ಲಿ ಅವನೂ ನೆನೆದಿದ್ದ. ಅಂಕವು ಹೊಸಿಲನ್ನು ಎಲ್ಲರಿಗೂ ಸಮವಾಗಿ ತೆರೆಯಲಿ. ಹೊಸಿಲು ದಾಟಿ ಒಳಬಂದವನ ಕಷ್ಟಸುಖವನ್ನು ಕೇಳಲು ಒಬ್ಬ ಮನುಷ್ಯನೂ ಅಲ್ಲಿ ಕುಳಿತಿರಲಿ. ಕಂತು ತಪ್ಪಿದ ತಿಂಗಳು ಸಾಲಗಾರನಿಗೆ ದೊರೆಯುವ ಉತ್ತರ ಯಾವುದು, ಅದನ್ನು ಕೊಡುವವರು ಯಾರು ಎಂಬುದರಿಂದ ಒಂದು ಹಣಕಾಸು ಸಂಸ್ಥೆಯ ಯೋಗ್ಯತೆಯನ್ನು ಅಳೆಯಬೇಕೆಂದು ನನ್ನ ಅಭಿಪ್ರಾಯ.

ಉಡುಪಿಯ ಆ ಪ್ರಯೋಗದಿಂದ ಇನ್ನೊಂದು ಮಾತನ್ನೂ ಕಲಿಯುವುದಿದೆ. ಅಲ್ಲಿ ಎರಡಾಣೆ ಕೊಟ್ಟವರೂ ಸಾಲ ಪಡೆದವರೂ ಬಹುಮಟ್ಟಿಗೆ ಒಂದೇ ಬೀದಿಯವರು. ಒಂದು ಬೀದಿಯ ಉಳಿತಾಯವು ಅದೇ ಬೀದಿಯ ದುಡಿಮೆಗೆ ಮರಳಿದಾಗ ಸಾಲಗಾರನಿಗೆ ತಾನು ಯಾರ ಹಣವನ್ನು ಹಿಂದಿರುಗಿಸುತ್ತಿದ್ದೇನೆಂಬುದು ಗೊತ್ತಿರುತ್ತದೆ. ಠೇವಣಿದಾರನಿಗೆ ತನ್ನ ಹಣ ಯಾವ ಮಗ್ಗದಲ್ಲಿ ಸದ್ದು ಮಾಡುತ್ತಿದೆಯೆಂಬುದು ಕೇಳಿಸುತ್ತದೆ. ಇಂದು ಸಣ್ಣ ಊರುಗಳ ಶಾಖೆಗಳಲ್ಲಿ ಕೂಡಿದ ಠೇವಣಿಯ ಎಷ್ಟು ಪಾಲು ಆಯಾ ಊರಿನ ಕಸುಬುಗಳಿಗೆ ಮರಳುತ್ತಿದೆಯೆಂದು ಪ್ರತಿಯೊಂದು ಊರಿನವರೂ ಕೇಳಬೇಕಾಗಿದೆ. ಕೇಳುವ ಹಕ್ಕು ಅವರಿಗುಂಟು. ಆ ಬಂಡವಾಳದಲ್ಲಿ ಅವರು ದಿನವೂ ಬಿಡಿಸಿ ಕೊಟ್ಟ ಎರಡಾಣೆಯಿದೆ.